ಯಜಮಾನಿ ಪಾಳಿ

...ಅಯ್ಯೋ, ಬ್ಯಾಡ ಮೇಡಂ, ಕುರ್ಚಿ ಯಾಕೆ, ನಿಂತ್ಕೋತೀನಿ ಬುಡಿ. ಕಂಪ್ಯೂಟರ್ ಸರ್ವರ್ ಬಂದ್ಮೇಲೆ ಕರೀತೀವಿ ಅಂದ್ರಲ್ಲ, ಅದ್ಕೇ ಆಚೆ ಬೆಂಚಿನ ಮೇಲೆ ಕೂತಿದ್ದೆ. ನೀವು ಇಂಗೆ ನನ್ನೊಬ್ಳನ್ನೇ ಒಳೀಕೆ ಕರದ್ರೆ ಆಚೆ ಇರೋರು ಏನ್ ಅನ್ಕೋತಾರೆ... ಆ ಕಂಪ್ಯೂಟರ್‌ನವರು ಟೀಗೆ ಓದ್ರಾ? ಬಾಗ್ಲು ಎಳ್ಕೊಂಡೇ ಓದ್ರಾ? ಸರ್ಯಾಗ್ ನೋಡಿ ಮೇಡಂ...

ಲೇ ಧನೂ! ನೀನೇ ಏನೇ! ಅಯ್ಯೋ ನನ್ನವ್ವ, ಧನಲಕ್ಷ್ಮೀ!

ಏನ್ ನಗ್ತೀಯಾ? ಮತ್ತೆ, ಎಲ್ಲಾರ್ ಮುಂದೆ ಲೇ ಅನ್ನಕ್ಕಾಯ್ತದಾ? ಸಬ್ ರಿಜಿಸ್ಟ್ರಾರ್ ಮೇಡಂ ನೀನು! ಬಾಗ್ಲಾಗೆ ಬೋರ್ಡ್ ಎರಡೆರಡ್ ಸಲ ಓದ್ಕೊಂಡೆ. ನೀನು ಈ ಆಫೀಸಲ್ಲಿ ಇರ್ತೀಯ ಅಂತ ನಂಗೇನ್ ಕನ್ಸು ಬಿದ್ದಿತ್ತಾ? ನನ್ ತಮ್ಮ ದಿಲೀಪ, ಆಚೆ ಬಿಳೀ ಶರ್ಟು ಆಕ್ಕೊಂಡವ್ನಲ್ಲ, ಅವ್ನಿಗೂ ನಿನ್ ಗುರ್ತು ಸಿಗ್ಲಿಲ್ಲ. ಸಿಕ್ಕಿದ್ರೆ ಬುಡ್ತಿದ್ನಾ! ಪತ್ರ ಬರ್ಯೋ ಪಂಚಾಕ್ಷರಯ್ಯನ ಜೊತೆ ಕೂತ್ಕೊಂಡು ಮೊಬೈಲಲ್ಲಿ ಟೈಮ್ ನೋಡ್ತಾವ್ನೆ, ಪಾಪ. ಆ ಸರ್ವರ್ರು ಬಂದ್ರೆ ಸಾಕು ಅವ್ನಿಗೆ.

ಊಂ, ಕೂತ್ಕೋತೀನಿ ಬುಡು. ನಿನ್ನ ನೋಡಿ ಎಷ್ಟ್ ವರ್ಸ ಆಯ್ತೇ! ದುಂಡ್ಗಾಗಿದೀಯ. ಇಲ್ಲ ಕಣೇ, ಚೆನ್ನಾಗೇ ಕಾಣ್ತೀಯ, ಕನ್ನಡ್ಕ ಒಪ್ತದೆ ನಿಂಗೆ. ಹಾಸ್ಟೆಲಲ್ಲಿ ಒಂದೇ ಒಂದ್ ಹಸ್ರು ದಾವಣಿ ಒಗ್ದೂ ಒಗ್ದೂ ಉಟ್ಕೋತಿದ್ದೋಳು... ಈಗ ನೋಡು, ಇಸ್ತ್ರಿ ಸೀರೆ ಏನು, ಮೇಜಿನ ಮೇಲೆ ಗಾಜೇನು. ಸಂತೋಸ ಆಯ್ತದೆ ಕಣೇ. ಹೊಟ್ಟೆ ಉರಿ ಅನ್ಕೋಬ್ಯಾಡ, ನಿಜವಾಗ್ಲೂ ಸಂತೋಸ.

ಹೊಳೆನರಸೀಪುರದ ಹೆಣ್ಮಕ್ಳ ಕಾಲೇಜಿಗೆ ಸೇರ್ದಾಗ ಜನ ಎಂಗ್ ಆಡ್ಕೋತಿದ್ರು, ಗ್ಯಾಪ್ಕ ಐತಾ? ಹೋಮ್ ಸೈನ್ಸ್ ಅಂತೆ, ಸಾರು ಮಾಡಕ್ಕೂ ಡಿಗ್ರಿ ಅಂತೆ! ನಮ್ಮಪ್ಪಂಗೆ ಹಳ್ಳಿಮೈಸೂರು ಬಸ್‌ಸ್ಟ್ಯಾಂಡಲ್ಲಿ ನಿಲ್ಸಿ ಕೇಳೋರು, ಏನ್ ರಾಮಣ್ಣ, ಮಗ್ಳು ಮುದ್ದೆ ಕಟ್ಟದ್ರಲ್ಲಿ ಎಷ್ಟ್ ಮಾರ್ಕ್ಸ್ ತಗಂಡ್ಲು ಅಂತ. ಹಿಹಿಹಿ ಅಂತ ನಗೋರು. ಬರ್ಲಿ ಈಗ, ಬಂದು ನೋಡ್ಲಿ ಅವ್ರು!

ಕವನಾ... ಕವನಾ ಕಣೇ, ಹಾಸ್ಟೆಲ್ ಉಪ್ಪಿಟ್ಟಿಗೆ ಬೊಗಸೆ ಸಕ್ಕರೆ ಸುರ್ಕೊಂಡು ತಿನ್ನೋಳು. ಹಾಸನದ ದೊಡ್ಡಾಸ್ಪತ್ರೇಲಿ ಡಯಟೀಷಿಯನ್ ಅಂತೆ! ಸಕ್ಕರೆ ಕಾಯ್ಲೆಯೋರಿಗೆ ಏನ್ ಕೊಡನಾ ಮೇಡಂ ಅಂತ ಡಾಕ್ಟ್ರುಗಳೇ ಅವಳನ್ನ ಕೇಳ್ತಾರಂತೆ. ದಿವ್ಯಾ? ಹಲ್ಲಿ ಕಂಡ್ರೆ ಕಿಟಾರನೆ ಕಿರುಚ್ಕೊಂಡು ಮಂಚ ಅತ್ತೋಳು, ಈಗ ಜೀಪ್ ಅತ್ತವ್ಳೆ. ಅರಕಲಗೂಡು ತಾಲೂಕಿನ ಅಂಗನವಾಡಿಗಳೆಲ್ಲ ಅವಳ ಕೈಕೆಳ್ಗೆ. ಮತ್ತೆ ಆ ರುದ್ರಪಟ್ಟಣದ ಹುಡುಗಿ, ಬಟ್ಟೆ ಒಗೀತಾನೂ ರಾಗ ತೆಗ್ಯೋಳು, ನಾವೆಲ್ಲ ಬಕೀಟು ಬಡ್ದು ತಾಳ ಆಕ್ತಿದ್ವಲ್ಲ! ಅವಳೀಗ ಮೈಸೂರಲ್ಲಿ ಲೆಕ್ಚರರ್ರು, ಅವರೂರ ಸಂಗೀತೋತ್ಸವದಲ್ಲಿ ವರ್ಸ ವರ್ಸ ಹಾಡ್ತಾಳೆ. ಎಲ್ಲಾ ನಮ್ ಕಾಲೇಜ್ ವಾಟ್ಸಾಪ್ ಗ್ರೂಪಲ್ಲಿ ನೋಡ್ತೀನಿ ಕಣೇ. ಬೆಳಗ್ಗೆ ಎದ್ದು ಒಲೆ ಹಚ್ಚಿ ಮೊಬೈಲ್ ತೆಗದ್ರೆ ಅದೇ. ಒಬ್ಳಿಗೆ ಸನ್ಮಾನ, ಒಬ್ಳಿಗೆ ಪ್ರಮೋಷನ್ನು. ನಿಂಗೆ ಇಲ್ಲಿಗ್ ಟ್ರಾನ್ಸ್‌ಫರ್ ಆದಾಗ್ಲೂ ಎಲ್ಲಾರೂ ಹೂವಿನ ಗುಚ್ಛ ಕಳ್ಸಿದ್ರು, ನಾನೂ ಕಳ್ಸ್ದೆ, ನೀನ್ ನೋಡ್ಲೇ ಇಲ್ವೇನೋ...

ಏನ್ ಅಂಗ್ ನೋಡ್ತೀಯಾ?

ಓ... ಊಂ. ಗೊತ್ತಿತ್ತು ಅನ್ಕೋ. ನೀನ್ ಇಲ್ಲಿರೋದು ಗೊತ್ತಿತ್ತು. ಮರ್ತೋಗಿತ್ತು ಕಣೇ, ಮನುಸ್ರಿಗೆ ಮರವು ಬರಲ್ವಾ? ಅದ್ಕೇನ್ ಅಂಗೆ ದುರುಗುಟ್ಕೊಂಡ್ ನೋಡ್ಬೇಕಾ?

ಹಾಸನದಾಗೆ ಹೋಟ್ಲಲ್ಲಿ ಸೇರಿದ್ರಲ್ಲ ಎಲ್ಲಾರೂ, ನಾನ್ ಬರ್ಲಿಲ್ಲ. ಜ್ವರ ಬಂದಿತ್ತು. ಊಂ ಕಣೇ, ಜ್ವರ. ಒಬ್ಬೊಬ್ರೂ ಎದ್ದ್ ನಿಂತು ತಾವ್ ಈಗ ಏನಾಗಿದೀವಿ ಅಂತ ಹೇಳ್ಬೇಕಾಗಿತ್ತಂತಲ್ಲ? ಕವನಾ ಆಮೇಲೆ ವಿಡಿಯೋ ಕಳ್ಸಿದ್ಲು. ನಾನ್ ಎದ್ದ್ ನಿಂತಿದ್ರೆ ಏನ್ ಹೇಳ್ತಿದ್ದೆ ಹೇಳು. ನಾನು ವಿಶಾಲಾಕ್ಷಿ, ಚನ್ನರಾಯಪಟ್ಟಣದಾಗೆ ಬಾಡ್ಗೆ ಮನೇಲಿದೀನಿ, ನಮ್ಮೋರು ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟವ್ರೆ, ನಾನು ಹೆಂಗಸ್ರ ಜಾಕೀಟು ಹೊಲೀತೀನಿ. ಎಲ್ಲಾರೂ ಚಪ್ಪಾಳೆ ತಟ್ಟೋರು, ಅಲ್ವಾ? ಪಾಪ ಅಂತ ಇನ್ನೊಂದಿಷ್ಟು ಜೋರಾಗೇ ತಟ್ಟೋರು. ಅದು ಬ್ಯಾಡ ಅನ್ನಿಸ್ತು.

ಆದ್ರೆ ಒಂದ್ ಮಾತು. ಅವತ್ತು ಕಾಲೇಜಲ್ಲಿ ನಮ್ಮನ್ನೆಲ್ಲ ಸಾಲಾಗಿ ನಿಲ್ಸಿ, ಇವ್ರಲ್ಲಿ ಯಾರು ಮುಂದೆ ಬತ್ತಾರೆ ಅಂತ ಕೇಳಿದ್ರೆ ಎಲ್ಲಾರೂ ನನ್ನನ್ನೇ ತೋರ್ಸೋರು! ತೋರ್ಸೋರೋ ಇಲ್ವೋ? ಹೇಳು. ನೋಡ್ದಾ, ನೀನೂ ತಲೆ ಆಡಿಸ್ತೀಯ.

ಆ ಹೆಂಚಿನ್ ಮನೆ ಗ್ಯಾಪ್ಕ ಐತೇನೇ? ಕಾಲೇಜ್ ಹಿಂದ್ಗಡೆ, ಪ್ರಾಕ್ಟಿಕಲ್‌ಗೆ ಅಂತ ನಮ್ಮ ಗುಂಪನ್ನ ಕೂಡ್ ಆಕಿದ್ರಲ್ಲ, ಇಲ್ಲೇ ಇದ್ದು ಸಂಸಾರ ಮಾಡಿ ತೋರ್ಸಿ ಅಂತ. ದಿನಕ್ಕೊಬ್ಳು ಯಜಮಾನಿ. ಯಜಮಾನಿ ಪಾಳಿ ಅಂತ್ಲೇ ಕರೀತಿದ್ವಿ. ಇವತ್ತೇನ್ ಅಡಿಗೆ, ಯಾರ್ ನೀರ್ ತರ್ಬೇಕು, ಯಾರ್ ಕಸ ಹೊಡೀಬೇಕು, ಯಜಮಾನಿ ಹೇಳ್ದಂಗೆ ನಡೀಬೇಕು. ಲೆಕ್ಚರರ್ ಮೇಡಂ ಪೆನ್ ಹಿಡ್ಕೊಂಡು ಬಾಗ್ಲಾಗ್ ನಿಂತಿರೋರು. ನನ್ ಪಾಳಿ ದಿನ ಹೆಂಗಿತ್ತು! ಏಯ್ ದಿವ್ಯಾ, ಕೊಡ ಎತ್ತು! ಏಯ್ ಕವನಾ, ಬಾಯಾಡ್ಸದ್ ನಿಲ್ಸಿ ಸೊಪ್ಪು ಬಿಡ್ಸು! ಗುಂಪಿಗೇ ಜಾಸ್ತಿ ಮಾರ್ಕ್ಸು ನಂದೇ.

ನಿನ್ ಪಾಳಿ ಬಂತಲ್ಲ ಅವತ್ತು... ಅಯ್ಯೋ ದೇವ್ರೇ. ಸೆರಗು ಸುತ್ಕೊಂಡು ಗ್ವಾಡೆಗೆ ಒರಗಿ ನಿಂತ್ಬುಟ್ಟೆ. ಬಾಯೇ ಬುಡ್ಲಿಲ್ಲ! ಲೆಕ್ಚರರ್ರು, ಹೇಳಮ್ಮ ಧನಲಕ್ಷ್ಮಿ, ಇವತ್ತು ನೀನ್ ಯಜಮಾನಿ, ಹೇಳು ಅಂತಾವ್ರೆ, ನೀನು ನೆಲ ನೋಡ್ತೀಯ. ನಾನೇ ತಾನೇ ನಿನ್ ಹಿಂದೆ ಬಂದ್ ನಿಂತಿದ್ದು? ಧನು ಹೇಳ್ತಾವ್ಳೆ, ದಿವ್ಯಾ ನೀರ್ ತರ್ಬೇಕಂತೆ! ಧನು ಹೇಳ್ತಾವ್ಳೆ, ಇವತ್ತು ಬಸ್ಸಾರು! ನಿಂಗ್ ಬಸ್ಸಾರು ಇಷ್ಟ ಅಂತ ನಂಗೊತ್ತಿತ್ತಲ್ಲ. ದಿನಾ ಪೂರ್ತಿ ನಿನ್ ಬದ್ಲು ನಾನೇ ಹೇಳ್ದೆ. ಮೇಡಂಗೂ ನಗು ತಡ್ಯಕ್ಕಾಗ್ದೆ ನಿನ್ನ ಪಾಸ್ ಮಾಡ್ಬುಟ್ರು.

ನಿಂಗೆ ಒಬ್ರಿಗೆ ಹೇಳಿ ಅಭ್ಯಾಸ ಇರ್ಲಿಲ್ಲ, ಅದ್ಕೇ. ನಿಮ್ಮಪ್ಪ ಚೆನ್ನಯ್ಯ ನಮ್ ಗದ್ದೆ ಬದು ಕಡೀತಿದ್ರು, ನಿಮ್ಮವ್ವ ನಾಟಿಗೆ ಬರೋರು... ತಪ್ ತಿಳ್ಕೋಬ್ಯಾಡ ಕಣೇ, ಇದ್ದಿದ್ದ್ ಹೇಳ್ದೆ. ನಂಗೆ ಹುಟ್ದಾಗಿಂದ ಹೇಳೇ ಅಭ್ಯಾಸ, ರಾಮಣ್ಣನ ಮಗ್ಳು! ಈಗ ನೋಡು. ಮೇಜಿನ ಆ ಕಡೆ ನೀನು, ಈ ಕಡೆ ನಾನು. ನೀನ್ ಕೂತ್ಕೋ ಅಂದ್ಮೇಲೆ ಕೂತ್ಕೊಂಡೆ.

ಯಾಕೇ ಆ ಪತ್ರಾನ ಅಷ್ಟ್ ಸಲ ತಿರುವ್ತೀಯಾ? ಸರ್ಯಾಗೇ ಬರ್ದವ್ರೆ. ಕಾಲುವೆ ಪಕ್ಕದ ಗದ್ದೆ, ತೆಂಗಿನ ತ್ವಾಟ, ಅದ್ರಲ್ಲಿ ನನ್ ಪಾಲು ಏನೈತೆ, ಅದನ್ನ ನನ್ ತಮ್ಮಂಗೆ ಬುಟ್ಟುಕೊಡ್ತಾ ಇವ್ನಿ. ಅಷ್ಟೇ. ಅರಿಶ್ನ ಕುಂಕ್ಮಕ್ಕೆ ಅಂತ ನಮ್ಮೋರ ಅಂಗಡಿಗೆ ಸೀರೆ ಕಳ್ಸ್ಕೊಟ್ಟವ್ನೆ. ಇದೇ, ಉಟ್ಕೊಂಡಿರದು. ಉಟ್ಕೊಂಡೇ ಬಾ ಅಂದ. ಚೆನ್ನಾಗೈತಾ? ಜಾರ್ತದೆ ವಸಿ.

ಅಂಗ್ಯಾಕೆ ಮುಖ ಮಾಡ್ತೀಯಾ? ನಿನ್ ಮುಂದೆ ದಿನಾ ಬತ್ತಾರಲ್ಲ ನನ್ನಂತೋರು. ಅಕ್ಕ ಬತ್ತಾಳೆ, ತಂಗಿ ಬತ್ತಾಳೆ, ಸೀರೆ ಉಟ್ಕೊಂಡು, ಮುಡಿ ತುಂಬ ಹೂ ಮುಡ್ಕೊಂಡು, ಹೆಬ್ಬೆಟ್ಟು ಒತ್ತಿ ಓಯ್ತಾಳೆ. ಅವ್ರನ್ನೂ ಇಂಗೇ ಒಳೀಕ್ ಕರ್ದು ಕೂರಿಸ್ಕೊಂಡು ನೋಡ್ತೀಯಾ?

ಒಪ್ಪಿಗೆಯಿಂದ್ಲೇ ಕಣೇ. ಯಾರ ಬಲವಂತ್ವೂ ಇಲ್ಲ. ನಿನ್ನಾಣೆ. ನನ್ ತಮ್ಮ ಅಂತ ಹೊಗಳ್ತಿಲ್ಲ, ದಿಲೀಪ ಬಂಗಾರದಂತೋನು. ಅಪ್ಪ ತೀರ್ಕೊಂಡ್ಮೇಲೂ ತವರಿಂದ ಒಂದಕ್ಕೂ ಕಮ್ಮಿ ಮಾಡಿಲ್ಲ. ಗೌರಿ ಹಬ್ಬ ಬಂತು ಅಂದ್ರೆ ವಾರ ಮುಂಚೇನೇ ನಮ್ಮನೆ ಬಾಗ್ಲಿಗೆ ಬಂದ್ಬುಡ್ತಾನೆ. ಜೊತೆ ಮೊರ, ಬಳೆ, ಬಿಚ್ಚೋಲೆ, ಕಣ, ಬ್ಯಾಳೆ ಬೆಲ್ಲ, ಎಲ್ಲಾ ತುಂಬ್ಸಿ ಬಾಗಿನ ಕೊಟ್ಟು, ಅಕ್ಕಾ ಅಂತ ಕಾಲಿಗ್ ಬಿದ್ದು... ನಮ್ ಬೀದಿ ಹೆಂಗಸ್ರೆಲ್ಲ ಅಂತಾರೆ, ಏನ್ ಪುಣ್ಯ ಮಾಡಿದ್ರಿ ವಿಶಾಲಮ್ಮ ಅಂತ. ಹೋದ್ ವರ್ಸನೂ ತಂದಿದ್ದ. ಅದ್ರ ಹಿಂದಿನ್ ವರ್ಸನೂ. ಎಲ್ಲಾ ವರ್ಸನೂ ತತ್ತಾನೆ.

...ಏನೇ?

ಆಗ್ಲೇ ನಡೆದಿದ್ದಾ? ಆಧಾರ್ ಕಾರ್ಡಲ್ಲಿ ಹಳೇ ವಿಳಾಸ ಐತೆ, ಈಗ ನಿಮ್ಮಕ್ಕ ಎಲ್ಲಿದಾರೆ ಅಂತ ಕಂಪ್ಯೂಟರ್‌ನವರು ಕೇಳ್ದಾಗ ಅವ್ನು ತಡವರ್ಸ್ದ, ಅದಾ? ಮರ್ತಿರ್ತಾನೆ ಬುಡು. ಚನ್ನರಾಯಪಟ್ಟಣ ಏನ್ ಸಣ್ಣೂರಾ? ಗಂಡುಸ್ರಿಗೆ ಬೀದಿ ಹೆಸ್ರು ಎಲ್ಲಿ ಗ್ಯಾಪ್ಕ ಇರ್ತದೆ? ಬರ್ತಾನೆ, ಬಾಗಿನ ಕೊಡ್ತಾನೆ, ಓಯ್ತಾನೆ, ಬೀದಿ ಹೆಸ್ರು ಓದ್ತಾ ನಿಂತ್ಕೋತಾನಾ? ನನ್ ಮುಖ ನೋಡ್ದ, ನಾನ್ ಹೇಳ್ದೆ, ಮುಗೀತು. ನೀನ್ ಅದನ್ನೂ ಗಮನ್ಸಿದೀಯಾ? ಆಫೀಸರ್ ಆದ್ಮೇಲೆ ಎಲ್ಲಾದ್ರಲ್ಲೂ ಅನುಮಾನ ನಿಂಗೆ...

ಅಂಗ್ ಸುಮ್ನೆ ನೋಡ್ಬ್ಯಾಡ ಕಣೇ ನನ್ನ. ಬೈದ್ಬುಡು. ಅಂಗ್ ಮಾತ್ರ ನೋಡ್ಬ್ಯಾಡ.

ಬಂದಿಲ್ಲ. ಆಯ್ತಾ? ಅವ್ನು ಆ ಮನೆಗೆ ಒಂದ್ ದಿನಾನೂ ಬಂದಿಲ್ಲ. ಯಾವ್ ಬೀದಿ ಅಂತ್ಲೂ ಗೊತ್ತಿಲ್ಲ ಅವ್ನಿಗೆ. ಬಾಗಿನ ನಾನೇ ತಂದ್ಕೋತೀನಿ. ಸಂತೇ ದಿನ ಹೊಲಿಗೆ ಬಟ್ಟೆ ಕೊಡಕ್ಕ್ ಓಯ್ತೀನಿ ಅಂತ ಹೋಗಿ, ಹೊಸಾ ಮೊರ ತಂದು, ಅರಿಶ್ನ ಬಳ್ದು, ನಾನೇ ತುಂಬಿಸ್ಕೊಂಡು, ಬೀದಿ ಹೆಂಗಸ್ರನ್ನ ಕರ್ದು ತೋರಿಸ್ತೀನಿ. ನೋಡಿ, ನನ್ ತಮ್ಮ ಬೆಳಗ್ಗೇನೇ ಬಂದು ಕೊಟ್ಬುಟ್ಟು ಓದ, ತ್ವಾಟದ ಕೆಲ್ಸ ಅಂತ ನಿಲ್ಲಲಿಲ್ಲ ಅಂತ. ನನ್ ಮಗ್ಳು ಅನುಶ್ರೀ ಅಡಿಗೆಮನೇಲಿ ನಿಂತು ಕೇಳಿಸ್ಕೋತಿರ್ತಾಳೆ. ಒಂದ್ ಮಾತಾಡಲ್ಲ. ನಿನ್ ಥರಾನೇ ನೋಡ್ತಾಳೆ ಅವಳೂ.

ನಾನ್ ಏನ್ ತಪ್ಪ್ ಮಾಡ್ದೆ ಅಂತಾ? ಏನೂ ಇಲ್ಲ ಕಣೇ. ಅಪ್ಪನ ತಿಥಿ ದಿನ, ಎಲ್ಲಾ ಉಂಡ್ಮೇಲೆ, ಜಗಲೀಲ್ ಕೂತ್ಕೊಂಡು ಒಂದೇ ಒಂದ್ ಮಾತ್ ಅಂದೆ. ಲೋ ದಿಲೀಪ, ಕಾಲುವೆ ಪಕ್ಕ ನಂಗೂ ಒಂಚೂರು ಬುಡ್ಲಾ, ಅನುಶ್ರೀನ ಓದಿಸ್ಬೇಕು ಅಂದೆ. ಸಲಿಗೆಯಿಂದ ಅಂದೆ, ನಗ್ತಾ ಅಂದೆ. ಅವ್ನೂ ನಕ್ಕ. ಮಾರ್ನೇ ದಿನದಿಂದ ಫೋನ್ ಎತ್ಲಿಲ್ಲ.

ಓಗಿದ್ದೆ ಒಂದ್ಸಲ. ಮನೆ ಮುಂದೆ ಗಾಡಿ ನಿಂತೈತೆ, ಗೇಟಿಗೆ ಒಳಗಿಂದ ಬೀಗ. ಕೂಗ್ದೆ. ದಿಲೀಪಾ... ಅವ್ವಾ... ಯಾರೂ ಬರ್ಲಿಲ್ಲ. ಒಳಗೆ ಅವ್ವ ಕೆಮ್ಮಿದ್ದು ಕೇಳಿಸ್ತು ಕಣೇ ಧನೂ. ನಮ್ಮವ್ವನ ಕೆಮ್ಮು ನಂಗ್ ಗೊತ್ತಾಗಲ್ವಾ? ಗೇಟ್ ಹಿಡ್ಕೊಂಡು ನಿಂತಿದ್ದು, ಬಸ್ ಬಂತು ಅಂತ ವಾಪಸ್ ಬಂದ್ಬುಟ್ಟೆ. ಏನ್ ಮಾಡ್ಲಿ? ಗೇಟ್ ಹಾರಿ ಓಗ್ಲಾ?

ಅವ್ವಂಗೆ ಈಗ ಕಣ್ ಕಾಣಲ್ಲ. ಆಚೆ ಯಾವ್ದಾದ್ರೂ ಗಾಡಿ ಸದ್ದಾದ್ರೆ, ವಿಶಾಲು ಬಂದ್ಲಾ ಅಂತಾಳಂತೆ. ಪಕ್ಕದ್ಮನೆ ಚಿಕ್ಕಮ್ಮ ಕದ್ದು ಫೋನ್ ಮಾಡಿ ಹೇಳ್ತಾಳೆ. ಹೋದ್ ವಾರ ದಿಲೀಪನೇ ಫೋನ್ ಮಾಡ್ದ. ಇಷ್ಟ್ ವರ್ಸ ಆದ್ಮೇಲೆ! ಪತ್ರಕ್ಕೆ ಬಂದ್ಬುಡು, ಈ ಗೌರಿ ಹಬ್ಬಕ್ಕೆ ಮನೆಗ್ ಕರ್ಕೊಂಡ್ ಓಯ್ತೀನಿ ಅಂದ. ಇವತ್ತೇ, ಇಲ್ಲಿಂದಾನೇ, ಅವನ್ ಕಾರಲ್ಲೇ. ಬ್ಯಾಗ್ ತಂದಿವ್ನಿ ಕಣೇ, ಆಚೆ ಬೆಂಚಿನ ಕೆಳ್ಗೆ ಐತೆ. ಅವ್ವಂಗೆ ಎರಡ್ ಜಾಕೀಟು ಹೊಲ್ದಿವ್ನಿ, ಅಂದಾಜಿನ ಮೇಲೆ. ಸೊರಗಿರ್ತಾಳೆ ಅಂತ ಬಿಗಿ ಮಾಡಿವ್ನಿ.

ಜಮೀನು ನಂಗೆ ಬ್ಯಾಡ ಅಂತ ಅಲ್ಲ. ಬೇಕು. ಕೂಗಿ ಹೇಳ್ತೀನಿ ಬೇಕಾದ್ರೆ, ಬೇಕು! ಅನುಶ್ರೀ ನಮ್ ಕಾಲೇಜಿಗೇ ಸೇರ್ತೀನಿ ಅಂತಾವ್ಳೆ, ಹಾಸ್ಟೆಲಿಗೆ ಕಳಿಸ್ಬೇಕು. ಬೆಳಗ್ಗೆ ಬರೋವಾಗ ಬಾಗ್ಲಾಗ್ ಅಡ್ಡ ನಿಂತ್ಕೊಂಡ್ಲು. ಅಮ್ಮ, ಕೊಟ್ಬುಟ್ರೆ ಆಮೇಲೆ ಗೇಟ್ ತೆಗೀತಾರೆ ಅಂತ ಏನ್ ಗ್ಯಾರಂಟಿ ಅಂದ್ಲು. ಅವಳ್ ಹೇಳಿದ್ದೂ ಸರಿ. ಆದ್ರೆ ಅವ್ವ ಎಷ್ಟ್ ದಿನ ಇರ್ತಾಳೆ? ಕೇಸ್ ಆಕಿದ್ರೆ ಜಮೀನು ಯಾವತ್ತೋ ಒಂದಿನ ಬತ್ತದೆ, ಅಷ್ಟೊತ್ಗೆ ಅವ್ವ ಇರಲ್ಲ. ಇದು ಹಿಡಿದ್ರೆ ಅದಿಲ್ಲ, ಅದು ಹಿಡಿದ್ರೆ ಇದಿಲ್ಲ. ನಮ್ಮೋರ್ನ ಕೇಳಿದ್ರೆ ನಿನ್ ತವರು, ನೀನೇ ನೋಡ್ಕೋ ಅಂದ್ಬುಟ್ರು.

ಧನೂ, ಒಂದ್ ಹೇಳ್ತೀನಿ, ನಗಬ್ಯಾಡ. ಜಿಲ್ಲೇಲಿ ಯಾವ್ ಆಫೀಸಲ್ಲಾದ್ರೂ ರಿಜಿಸ್ಟರ್ ಮಾಡಿಸ್ಬೋದಂತಲ್ಲ ಈಗ? ಪಂಚಾಕ್ಷರಯ್ಯ ಬ್ಯಾರೆ ಕಡೆ ಹೇಳಿದ್ದ. ನಾನೇ ಹಟ ಹಿಡ್ದು ಇಲ್ಲಿಗೇ ಓಗನಾ ಅಂದೆ, ಬಸ್ಸಿಗ್ ಅನುಕೂಲ ಅಂತ ಸುಳ್ಳು ಹೇಳ್ದೆ. ಎರಡ್ ಬಸ್ ಬದಲಾಯ್ಸಿ ಬಂದಿವ್ನಿ! ನೀನಿದೀಯ ಅಂತ್ಲೇ ಬಂದೆ. ನೀನು ನೋಡಿ, ಇದು ಸರಿ ಇಲ್ಲ, ಆಗಲ್ಲ, ವಾಪಸ್ ತಗೊಂಡ್ ಹೋಗಿ ಅಂತ ಅಂದ್ಬುಡ್ತೀಯ ಅಂತ... ಆಗ ಬ್ಯಾಡ ಅಂದಿದ್ದು ನಾನಲ್ವಲ್ಲ? ನಾನೇನ್ ಮಾಡ್ಲಿ ದಿಲೀಪ, ಮೇಡಂ ಆಗಲ್ಲ ಅಂದ್ಬುಟ್ರು ಅಂತ ಹೇಳ್ಬೋದು. ಜಮೀನೂ ಉಳೀತದೆ, ತಮ್ಮನ ಮುಂದೆ ನಾನ್ ಕೆಟ್ಟೋಳೂ ಆಗಲ್ಲ. ಗೇಟ್ ಒಳಕ್ಕೆ ಬುಟ್ರೂ ಬುಡ್ಬೋದು.

ಅವತ್ತು ನಿನ್ ಬದ್ಲು ನಾನ್ ಹೇಳಿದ್ನಲ್ಲೇ. ಇವತ್ತೊಂದ್ ದಿನ ನನ್ ಬದ್ಲು ನೀನ್ ಹೇಳ್ಬುಡೇ.

...ಆಗಲ್ವಾ?

ಯಾಕ್ ಆಗಲ್ಲ? ಅಷ್ಟ್ ದೊಡ್ಡ್ ಕುರ್ಚೀಲ್ ಕೂತಿದೀಯ! ...ಊಂ. ...ಊಂ. ಅಂದ್ರೆ, ನಾನೇ ಬಾಯ್ ಬುಟ್ಟು ಹೇಳ್ಬೇಕಾ? ಒಪ್ಪಿಗೆ ಇಲ್ಲ ಅಂತ ನಾನೇ, ಅವ್ನ ಮುಂದೆ? ನಾನ್ ಊಂ ಅಂದ್ರೆ ನೀನು ಮಾಡ್ಲೇಬೇಕಾ? ಕಾಗ್ದ ಎಲ್ಲಾ ಸರಿ ಇದ್ರೆ ತಡ್ಯಕ್ಕೆ ನಿಂಗೂ ಆಗಲ್ವಾ?

ಅಂದ್ರೆ ನೀನೂ ನನ್ನಂಗೇ.

ಅಳ್ಬ್ಯಾಡ, ನಾನ್ ಅಳ್ತಿಲ್ಲ. ಅಳ್ತಿಲ್ಲ ಅಂದ್ನಲ್ಲ. ಏನದು ಸದ್ದು? ಟೀಗ್ ಓದೋರು ಬಂದ್ರಾ? ...ಬಂತಾ? ಸರ್ವರ್ ಬಂತಾ?

ಊಂ ಮೇಡಂ. ಬಂದೆ ಮೇಡಂ. ಈ ಕಡೆ ನಿಂತ್ಕೋಬೇಕಾ? ಕ್ಯಾಮೆರಾ ನೋಡ್ಬೇಕಾ? ತಾಳಿ ಸಾ, ಸೆರಗು ಸರಿ ಮಾಡ್ಕೋತೀನಿ, ಜಾರ್ತದೆ ಇದು...

ಏನ್ಲಾ ದಿಲೀಪ? ಇಲ್ಲ, ಇನ್ನೂ ಆಗಿಲ್ಲ, ಆಯ್ತದೆ ಇರು. ...ಕೇಳಿಸ್ತಾ ಮೇಡಂ? ಅಕ್ಕಾ, ಆಯ್ತಾ ಅಂದ. ಅಕ್ಕಾ ಅಂದ ಮೇಡಂ.

ಕೇಳಿ ಮೇಡಂ, ನೀವ್ ಕೇಳ್ಬೇಕಾದ್ದು. ಒಪ್ಪಿಗೆ ಇದೆಯಾ ಅಂತ ಕೇಳ್ಬೇಕಲ್ಲ? ಎಲ್ಲಾರೂ ಕಾಯ್ತಾವ್ರೆ. ನಮ್ಮವ್ವನೂ ಕಾಯ್ತಾವ್ಳೆ. ಕೇಳಿ ಮೇಡಂ. ಎಷ್ಟೊತ್ತು ಇಂಗೆ ನೋಡ್ತಾ ಇರ್ತೀರಿ? ಕೇಳ್ಬುಡಿ, ದಮ್ಮಯ್ಯ...

ಊಂ. ಒಪ್ಪಿಗೆ ಐತೆ ಮೇಡಂ. ಯಾರ ಬಲವಂತ್ವೂ ಇಲ್ಲ.

ಇಲ್ಲಿ ಒತ್ಬೇಕಾ ಹೆಬ್ಬೆಟ್ಟು? ಇಂಗೆ? ...ಏನ್ ಸಾ? ತಗೋತಿಲ್ವಾ ಮಿಷಿನ್ನು? ಬೆಟ್ಟು ಒದ್ದೆ ಆಗೈತಾ? ತಾಳಿ, ಒರಸ್ಕೋತೀನಿ. ...ಈಗ? ಇನ್ನೂ ಇಲ್ವಾ? ಈ ಸೀರೆ ನೀರೇ ಹೀರಲ್ಲ ಸಾ, ಹೊಸಾದು.

ಮೇಡಂ, ನಿಮ್ ಕರ್ಚೀಪ್ ವಸಿ ಕೊಡ್ತೀರಾ?

...ಅಯ್ಯೋ, ಇದೂ ಒದ್ದೆ ಆಗೈತಲ್ಲ ಮೇಡಂ.